ಅವ್ವನ ಸೆರಗು, ಆಜಿಯ ಪದರ

ಪುಣೆಗೆ ನನಗೆ ವರ್ಗವಾದದ್ದು 1996ರ ಕೊನೆಯಲ್ಲಿ. ಆರ್ಡರು ಕೈಗೆ ಬಂದ ಮೇಲೆ ಗದಗಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿ ಅವ್ವನಿಗೆ ಸುದ್ದಿ ಹೇಳಿದೆ. ಆಕೆ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಜ್ವಾಳ ಸಿಗ್ತಾವೇನೊ?" ಜೋಳ ಸಿಕ್ಕಿತು. ಭಾಕರಿ ಎಂಬ ಹೆಸರಿನಲ್ಲಿ ರೊಟ್ಟಿಯೂ, ಠೇಚಾ ಎಂಬ ಹೆಸರಿನಲ್ಲಿ ನಮ್ಮ ಹಸಿಖಾರವೂ ಸಿಕ್ಕವು. ಆದರೆ ಅವ್ವನ ಸೀರೆಯೇ ಅಲ್ಲಿ ನನಗೆ ಎದುರಾದೀತು ಎಂದು ಮಾತ್ರ ನಾನು ಎಣಿಸಿರಲಿಲ್ಲ.

1997ರ ಮಳೆಗಾಲದ ಆರಂಭ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಬೇಕೆಂದು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಹೊರಟು ಪುಣೆಯಲ್ಲಿ ತಂಗುತ್ತವೆ. ಆ ದಿನ ಊರಿಗೆ ಊರೇ ಬೀದಿಯಲ್ಲಿ. ನಮ್ಮ ಶಾಖೆಯ ಮೆಟ್ಟಿಲುಗಳ ಮೇಲೆ ವಾರಕರಿಗಳು ಬಂದು ಕೂತರು. ಅವರಲ್ಲಿ ಒಬ್ಬ ಮುದುಕಿ, ತಲೆಯ ಮೇಲಿದ್ದ ತುಳಸಿ ಕಟ್ಟೆಯನ್ನು ಇಳಿಸಿ ಪಕ್ಕದಲ್ಲಿಟ್ಟುಕೊಂಡು ನೀರು ಕುಡಿಯುತ್ತಿದ್ದಳು. ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆ. ಒಡಲಿನ ಹಸಿರು ಒಗೆದು ಒಗೆದು ಬೂದಿಯಾಗಿತ್ತು. ತಲೆಯ ಮೇಲಿಂದ ಇಳಿಬಿದ್ದ ಸೆರಗು ಮಾತ್ರ ಗಾಢ ಕೆಂಪು. ಅದರಲ್ಲಿ ಬಿಳಿಯ ಹಣಿಗೆ ಹಲ್ಲು.

ಅದು ಅವ್ವನ ಸೆರಗು. ಸಂಶಯವೇ ಇಲ್ಲ. ಚಿಕ್ಕವನಿದ್ದಾಗ ಜಾತ್ರೆಯ ಗದ್ದಲದಲ್ಲಿ ನಾನು ಕೈಯಲ್ಲಿ ಹಿಡಿದುಕೊಂಡು ನಡೆದದ್ದು ಅದೇ ಕೆಂಪನ್ನು, ಅದೇ ಬಿಳಿಯ ಹಲ್ಲುಗಳನ್ನು. ತಡೆಯಲಾರದೆ, ಬರುತ್ತಿದ್ದ ಹರಕು ಮುರಕು ಮರಾಠಿಯಲ್ಲಿ, ಈ ಸೀರೆ ಎಲ್ಲಿಯದು ಆಜಿ ಎಂದು ಕೇಳಿದೆ.

"ಹೇ ಇರಕಲ ಆಹೇ, ಬಾಳಾ. ಮಾಝ್ಯಾ ಸಾಸೂಚಂ ಲುಗಡಂ," ಎಂದಳು. ಇದು ಇರಕಲ, ಮಗಾ, ನಮ್ಮ ಅತ್ತೆಯ ಸೀರೆ.

ಇರಕಲ ಅಂದರೆ ನಮ್ಮ ಇಳಕಲ್, ಅದು ಕರ್ನಾಟಕದಲ್ಲಿದೆ, ಈ ಸೀರೆ ನಮ್ಮದು ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿ, ಇರಬಹುದು, ಆದರೆ ಇದು ನಮ್ಮ ಅತ್ತೆಯದು ಎಂದು ಮತ್ತೆ ಅದನ್ನೇ ಹೇಳಿದಳು. ತುಳಸಿ ಕಟ್ಟೆ ತಲೆಗೇರಿಸಿಕೊಂಡು ಹೋದಳು.

ಅಂದು ಸಂಜೆ ನನಗೆ ಸಮಾಧಾನವಿರಲಿಲ್ಲ. ನಮ್ಮದನ್ನು ತಮ್ಮದು ಅಂತಾರಲ್ಲ ಎಂಬ ಸಣ್ಣ ಸಿಟ್ಟು ಒಂದು ಕಡೆ. ಇನ್ನೊಂದು ಕಡೆ, ಅದಕ್ಕಿಂತ ಹಳೆಯದೊಂದು ಕಸಿವಿಸಿ. ಅದನ್ನು ಹೇಳಬೇಕಾದರೆ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

*

1985ರಿಂದ ಮೂರು ವರ್ಷ ನಾನು ಇಳಕಲ್ ಸೀಮೆಯ ಒಂದು ಶಾಖೆಯಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ಆಗ ಅದು ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಐಆರ್‌ಡಿಪಿ ಸಾಲಗಳ ಕಾಲ ಅದು. ಎಮ್ಮೆ, ಕುರಿ, ಹೊಲಿಗೆ ಯಂತ್ರ, ಮಗ್ಗ, ಎಲ್ಲಕ್ಕೂ ಒಂದೇ ನಮೂನೆಯ ಫಾರಂ. ಓಣಿ ಓಣಿಯಲ್ಲಿ ಕುಣಿಮಗ್ಗದ ಟಕ್ ಟಕ್ ಸದ್ದು. ದೇವಾಂಗ, ಕುರುಹಿನಶೆಟ್ಟಿ, ಪಟ್ಟಸಾಲಿ ಮೊದಲಾದ ನೇಕಾರ ಸಮುದಾಯಗಳ ಮನೆಗಳು. ಗಂಡಸು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದರೆ, ನೂಲು ಸುತ್ತುವುದು, ಹಾಸು ಸಿದ್ಧ ಮಾಡುವುದು ಹೆಂಗಸರ ಕೆಲಸ. ಕೂಲಿಯ ಲೆಕ್ಕದಲ್ಲಿ ಆ ಹೆಂಗಸರ ಹೆಸರು ಬರುತ್ತಿರಲಿಲ್ಲ.

ಒಬ್ಬ ನೇಕಾರ ಸಾಲಕ್ಕೆ ಅರ್ಜಿ ಹಾಕಿದ. ಸಾವಕಾರನಿಂದ ನೂಲು ತಂದು ಕೂಲಿಗೆ ನೇಯುವುದನ್ನು ಬಿಟ್ಟು ಸ್ವಂತಕ್ಕೆ ನೇಯಬೇಕು ಎಂಬುದು ಅವನ ಆಸೆ. ನಾನು ಅವನ ಮನೆಗೆ ಹೋಗಿ ಮಗ್ಗದ ಪಕ್ಕ ಚಾಪೆಯ ಮೇಲೆ ಕೂತು ಲೆಕ್ಕ ತೆಗೆಯತೊಡಗಿದೆ. ತಿಂಗಳಿಗೆ ಎಷ್ಟು ಸೀರೆ? ಅವನು ಹೇಳಿದ ಸಂಖ್ಯೆ ನನಗೆ ಬಹಳ ಕಡಿಮೆ ಎನಿಸಿತು. ಒಂದು ಸೀರೆಗೆ ಹೆಚ್ಚು ಕಡಿಮೆ ಒಂದು ವಾರ. ಯಾಕೆ ಎಂದು ಕೇಳಿದಾಗ ಅವನು ತೋರಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಬೇರೆ ಕಡೆ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ, ಅಂದರೆ ಉದ್ದದ ಎಳೆಗಳನ್ನು ಒಮ್ಮೆ ಹೂಡಿದರೆ, ಒಂದರ ಹಿಂದೆ ಒಂದು ಹಲವು ಸೀರೆ ನೇಯ್ದು ಕತ್ತರಿಸಬಹುದು. ಇಳಕಲ್ ಸೀರೆಗೆ ಅದು ಆಗದು. ಅದರ ಒಡಲು ಹತ್ತಿ, ಸೆರಗು ರೇಷ್ಮೆ, ಅಂಚೂ ರೇಷ್ಮೆ. ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಸೆರಗೆಂದರೆ 16ರಿಂದ 27 ಅಂಗುಲದ ತುಂಡು, ಅಷ್ಟೇ. ಆ ಅಷ್ಟಕ್ಕಾಗಿ ರೇಷ್ಮೆಯ ಎಳೆಗಳನ್ನು ಪ್ರತ್ಯೇಕ ಹೂಡಿ, ಒಡಲಿನ ಒಂದೊಂದು ಎಳೆಯ ಕುಣಿಕೆಯನ್ನು ಸೆರಗಿನ ಎಳೆಯ ಕುಣಿಕೆಯೊಳಗೆ ಸಿಕ್ಕಿಸಿ ಕೂಡಿಸಬೇಕು. ಸಾವಿರಗಟ್ಟಲೆ ಎಳೆ, ಅಷ್ಟೇ ಕುಣಿಕೆ. ಇದಕ್ಕೆ ಅಲ್ಲಿಯ ಮಾತಿನಲ್ಲಿ ತೋಪ ತೆನಿ ಅನ್ನುತ್ತಾರೆ. ಒಂದು ಸೀರೆ ಮುಗಿದರೆ ಆ ಹಾಸೂ ಮುಗಿಯಿತು. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ.

ನಾನು ಎಂ.ಕಾಂ. ಓದಿದವನು. ಕಾಸ್ಟ್ ಅಕೌಂಟಿಂಗ್‌ನ ಮೊದಲ ಪಾಠವೇ ಇದು: ಯಂತ್ರ ಹೂಡುವ ಖರ್ಚನ್ನು ಎಷ್ಟು ಹೆಚ್ಚು ನಗಗಳಿಗೆ ಹಂಚುತ್ತೀರೋ ಅಷ್ಟು ಒಂದು ನಗದ ಖರ್ಚು ಇಳಿಯುತ್ತದೆ. ಇಲ್ಲಿ ನೋಡಿದರೆ ಹೂಡುವ ಖರ್ಚೆಲ್ಲ ಒಂದೇ ನಗದ ತಲೆಯ ಮೇಲೆ! ಪರೀಕ್ಷೆಯಲ್ಲಿ ಯಾರಾದರೂ ಇಂಥ ಉದಾಹರಣೆ ಬರೆದಿದ್ದರೆ ಮಾಸ್ತರರು ತಪ್ಪು ಹಾಕುತ್ತಿದ್ದರು.

ನಾನು ಜಾಣತನದಿಂದ ಹೇಳಿದೆ, "ಈ ತೆನಿ ಬಿಟ್ಟುಬಿಡ್ರಿ. ಒಂದೇ ಹಾಸು ಹಾಕಿ, ಸೆರಗಿನಾಗ ಅಡ್ಡ ಎಳಿ ಬಣ್ಣ ಬದಲಿ ಮಾಡ್ರಿ. ನೋಡೋರಿಗೆ ಏನ್ ಗೊತ್ತಾಗ್ತೈತಿ?"

ಅವನು ನಕ್ಕ. "ಸಾಹೇಬ್ರ, ತೆನಿ ಬಿಟ್ರ ಅದು ಇಳಕಲ್ ಸೀರಿ ಹ್ಯಾಂಗ ಆಕ್ಕೈತ್ರಿ?"

ನಾನು ಪಟ್ಟು ಬಿಡಲಿಲ್ಲ. ಮರುಪಾವತಿಯ ಶಕ್ತಿ ತೋರಿಸದೆ ಮೇಲಿನ ಕಚೇರಿಯವರು ಒಪ್ಪುವುದಿಲ್ಲ, ವಿದ್ಯುತ್ ಮಗ್ಗಕ್ಕಾದರೆ ಸಾಲ ಸುಲಭ, ಎಂದು ಎರಡು ಮೂರು ಸಲ ತಿಳಿಹೇಳಿದೆ. ಕೊನೆಗೆ ಅವನು ಒಪ್ಪಿದ. ಸಾಲ ಮಂಜೂರಾಯಿತು. ಆ ಫೈಲನ್ನು ನನ್ನ ಒಳ್ಳೆಯ ಫೈಲುಗಳಲ್ಲಿ ಒಂದೆಂದು ನಾನು ಲೆಕ್ಕ ಹಾಕಿದ್ದೆ.

ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದು ಕೇಳಿದ್ದೆನಲ್ಲ, ಆ ಮಾತು ಪುಣೆಯ ಮೆಟ್ಟಿಲ ಮೇಲೆ ಕೂತ ಮುದುಕಿಯ ಸೆರಗನ್ನು ಕಂಡಾಗ ನೆನಪಾಯಿತು.

*

ಸಿಟ್ಟು ಇಳಿದ ಮೇಲೆ ಕುತೂಹಲ ಹುಟ್ಟಿತು. ಹುನಗುಂದ ಸೀಮೆಯ ಒಂದು ಊರಿನ ಸೀರೆ ಮರಾಠಿ ಅತ್ತೆಯರ ಪೆಟ್ಟಿಗೆ ಸೇರಿದ್ದು ಹೇಗೆ?

ನಾವು ಈಗ ನಕಾಶೆಯಲ್ಲಿ ಎಳೆದ ಗೆರೆಯಿಂದಲೇ ಎಲ್ಲವನ್ನೂ ನೋಡುತ್ತೇವೆ. ಆ ಗೆರೆ ಬಂದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ, ಈ ನಾಲ್ಕೂ ಜಿಲ್ಲೆಗಳು ಪುಣೆ, ಸೊಲ್ಲಾಪುರಗಳ ಜೊತೆಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಅಂದರೆ ಆಳುವವರು ಮರಾಠಿ, ಪ್ರಜೆಗಳು ಬಹುಪಾಲು ಕನ್ನಡ. 1948ರಲ್ಲಿ ಇವೂ ಮುಂಬಯಿ ಪ್ರಾಂತದೊಳಗೆ ಸೇರಿದವು. ಓದಲು ಪುಣೆಗೆ ಹೋಗುವುದು ನಮ್ಮ ಕಡೆಯವರಿಗೆ ಪರದೇಶವಾಗಿರಲಿಲ್ಲ. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ, ಬಹಳ ವರ್ಷ ಪಾಠ ಹೇಳಿದ್ದು ಸೊಲ್ಲಾಪುರದಲ್ಲಿ. ಹೆಣ್ಣು ಕೊಡುವುದು ತರುವುದೂ ಹಾಗೆಯೇ ನಡೆದಿತ್ತು. ಮದುವೆಯಾಗಿ ಹೋದ ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಸೀರೆಯೂ ಹೋಯಿತು.

ಆಮೇಲೆ ರೈಲು ಬಂತು. 1880ರ ದಶಕದಲ್ಲಿ ಗದಗದಿಂದ ಬಾಗಲಕೋಟೆ, ವಿಜಾಪುರದ ಮೇಲೆ ಸೊಲ್ಲಾಪುರದ ಹತ್ತಿರದ ಹೊಟಗಿಯವರೆಗೆ ಮೀಟರ್‌ಗೇಜ್ ಹಾದಿ ಬಿತ್ತು. ಅಲ್ಲಿಂದ ಮುಂದೆ ಪುಣೆ, ಮುಂಬಯಿಗೆ ದೊಡ್ಡ ಹಾದಿ ಮೊದಲೇ ಇತ್ತು. ಇಳಕಲ್ಲಿನ ಸೀರೆಯ ಗಂಟುಗಳಿಗೂ ಗುಳೇದಗುಡ್ಡದ ಖಣದ ಗಂಟುಗಳಿಗೂ ಅದೇ ಹಾದಿ. ಬರುವಾಗ ಅದೇ ಹಾದಿಯಲ್ಲಿ ಗಿರಣಿ ನೂಲು ಬಂತು. ಮುಂಬಯಿಯ ಮೊದಲ ಹತ್ತಿ ಗಿರಣಿ 1854ರಲ್ಲಿ ಸ್ಥಾಪನೆಯಾಯಿತು, ಸೊಲ್ಲಾಪುರದ್ದು 1877ರಲ್ಲಿ. ಗಿರಣಿಗಳು ಕೈಮಗ್ಗವನ್ನು ಕೊಂದವು ಎಂದು ನಾವು ಪುಸ್ತಕದಲ್ಲಿ ಓದಿದ್ದೇವೆ. ಅನೇಕ ಕಡೆ ಅದು ನಿಜವೂ ಹೌದು. ಗಿರಣಿಯ ಬಿಳಿ ಬಟ್ಟೆಯ ಮುಂದೆ ಕೈಮಗ್ಗದ ಸಾದಾ ಬಟ್ಟೆ ನಿಲ್ಲಲಿಲ್ಲ. ಆದರೆ ಗಿರಣಿಯವನು ಒಂದೇ ಹಾಸಿನಲ್ಲಿ ಮೈಲುಗಟ್ಟಲೆ ನೇಯಬೇಕು, ಆಗಲೇ ಅವನಿಗೆ ಲಾಭ. ಸೀರೆಗೊಂದು ಹಾಸು ಹೂಡುವ ಇಳಕಲ್ಲಿನ ಹುಚ್ಚು ಅವನಿಗೆ ಕಟ್ಟುವಂತಿರಲಿಲ್ಲ. ನಾನು ದೋಷವೆಂದು ಫೈಲಿನಲ್ಲಿ ಬರೆದದ್ದೇ ನೂರು ವರ್ಷ ಆ ಸೀರೆಯ ಕೋಟೆಯಾಗಿತ್ತು!

ಕೋಟೆ ಎಂದದ್ದು ಸುಮ್ಮನೆ ಅಲ್ಲ. ಸೆರಗಿನ ವಿನ್ಯಾಸದಲ್ಲಿ ಮೂರು ಭಾಗ ಗಟ್ಟಿ ಕೆಂಪು, ಅವುಗಳ ನಡುವೆ ಎರಡು ಭಾಗ ಬಿಳಿ. ಕೆಂಪೂ ಬಿಳಿಯೂ ಸೇರುವಲ್ಲಿ ಹಲ್ಲುಗಳು: ಒಂದು ಹಣಿಗೆಯ ಹಲ್ಲು, ಒಂದು ಜೋಳದ ತೆನೆ, ಇನ್ನೊಂದು ಕೋಟೆಯ ಕುಂಬಿಯ ಸಾಲು. ಕನ್ನಡದಲ್ಲಿ ಜೋಳದ ತೆನೆಗೂ ಕೋಟೆಯ ಮೇಲಿನ ಹಲ್ಲಿಗೂ ತೆನೆ ಎಂಬ ಒಂದೇ ಶಬ್ದವಿದೆ. ಹೊಲ ನೋಡಿದವರಿಗೆ ಹೊಲ, ಬಾದಾಮಿಯ ಕೋಟೆ ನೋಡಿದವರಿಗೆ ಕೋಟೆ.

*

ಮಹಾರಾಷ್ಟ್ರಕ್ಕೆ ತನ್ನದೇ ಆದ ಪೈಠಣಿ ಇತ್ತಲ್ಲ, ಮತ್ತೆ ಇರಕಲ ಯಾಕೆ ಬೇಕಾಯಿತು ಎಂದು ನಾನು ಪುಣೆಯ ಒಬ್ಬ ಹಿರಿಯ ಗಿರಾಕಿಯನ್ನು ಕೇಳಿದ್ದೆ. ಅವರು ನಗುತ್ತ, ಪೈಠಣಿ ಉಟ್ಟು ಯಾರಾದರೂ ಹಿಟ್ಟು ಬೀಸುತ್ತಾರೆಯೇ ಎಂದರು. ಪೈಠಣಿ ಪೇಶವೆಯರ ಆಶ್ರಯದಲ್ಲಿ ಬೆಳೆದದ್ದು, ಜರಿಯ ಸೆರಗಿನಲ್ಲಿ ನವಿಲು ಕುಣಿಸಿದ್ದು. ವರ್ಷಕ್ಕೊಮ್ಮೆ ತೆಗೆದು, ಗಾಳಿಗೆ ಹಿಡಿದು, ಮತ್ತೆ ಮಡಿಸಿಡುವ ಸೀರೆ. ಇಳಕಲ್ ಸೀರೆ ಕೆಲಸದ ಸೀರೆ.

ಅದರ ಒಂದೊಂದು ಭಾಗವೂ ಒಂದೊಂದು ಕೆಲಸಕ್ಕಾಗಿದೆ. ಮೈಗೆ ತಾಗುವ ಒಡಲು ಹತ್ತಿ. ನಮ್ಮ ಕಡೆಯ ಬಿಸಿಲಿಗೂ ಬೆವರಿಗೂ ಅದೇ ಸರಿ. ನೆಲಕ್ಕೆ ತಾಗಿ ಸವೆಯುವ ಅಂಚು ಅಗಲ, ಗಟ್ಟಿ. ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿ ಎಂದು ಅಂಚಿಗೇ ಹಲವು ಹೆಸರು. ತಲೆಯ ಮೇಲೆ ಹೊದೆಯುವ, ನಾಲ್ಕು ಜನರ ಕಣ್ಣಿಗೆ ಬೀಳುವ ಸೆರಗು ಮಾತ್ರ ರೇಷ್ಮೆ. ಬಡವಿಯಾದರೂ ಹೆಣ್ಣುಮಗಳು ತಲೆಯ ಮೇಲೆ ರೇಷ್ಮೆ ಹೊದ್ದು ದೇವರ ಮುಂದೆ ನಿಲ್ಲಬಹುದು. ಇಡೀ ಸೀರೆ ರೇಷ್ಮೆಯಾದರೆ ಆಕೆಗೆ ಕೊಳ್ಳಲಾಗದು, ಇಡೀ ಹತ್ತಿಯಾದರೆ ಮದುವೆ ಮುಂಜಿಗೆ ಸಾಲದು. ಒಬ್ಬ ದರ್ಜೆಯ ಅಕೌಂಟೆಂಟ್ ಕೂತು ಖರ್ಚು ಹಂಚಿದಂತೆ, ಎಲ್ಲಿ ಬೇಕೋ ಅಲ್ಲಿ ಮಾತ್ರ ಹಣ ಹಾಕಿದ್ದಾರೆ.

ಆದರೆ ಹಣ ಹಾಕಿದಲ್ಲಿ ಮಾತ್ರ ಕೈ ಹಿಡಿದಿಲ್ಲ. ಅದೇ ನನಗೆ ತಡವಾಗಿ ತಿಳಿದದ್ದು. ನಾನು ಹೇಳಿದಂತೆ ಒಂದೇ ಹಾಸಿನಲ್ಲಿ ಸೆರಗನ್ನೂ ನೇಯ್ದರೆ ಏನಾಗುತ್ತದೆ? ಅಡ್ಡ ಎಳೆ ಕೆಂಪು, ಉದ್ದದ ಎಳೆ ಮಾತ್ರ ಒಡಲಿನ ಹಸಿರೋ ಕಪ್ಪೋ. ಎರಡೂ ಕಲೆತು ಕೆಂಪು ಮಬ್ಬಾಗುತ್ತದೆ. ತೋಪ ತೆನಿಯಲ್ಲಿ ಉದ್ದದ ಎಳೆಯೂ ಕೆಂಪು, ಅಡ್ಡ ಎಳೆಯೂ ಕೆಂಪು. ಆದ್ದರಿಂದಲೇ ಆ ಬೆರಕೆಯಿಲ್ಲದ ಕೆಂಪು. ಒಡಲು ಬೂದಿಯಾದ ಮೇಲೂ ವಾರಕರಿ ಮುದುಕಿಯ ಸೆರಗು ಹಾಗೆ ಉರಿಯುತ್ತಿದ್ದದ್ದಕ್ಕೆ ಕಾರಣ ಆ ಸಾವಿರ ಕುಣಿಕೆಗಳು.

ನಮ್ಮ ಕಡೆಯ ಕಸೂತಿಯಲ್ಲೂ ಇದೇ ಹಟ ಇದೆ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಒಳಬದಿಯನ್ನು ಯಾರು ನೋಡುತ್ತಾರೆ ಎಂದು ಆ ಹೆಣ್ಣುಮಕ್ಕಳು ಕೇಳಲಿಲ್ಲ. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ನಮ್ಮ ಮದುಮಗಳ ಪೆಟ್ಟಿಗೆಯಲ್ಲಿ ಇರಲೇಬೇಕಿತ್ತು. ಪುಣೆಯಲ್ಲಿ ಸಂಕ್ರಾಂತಿಗೆ ಹೆಂಗಸರು ಉಡುವ ಕಪ್ಪು ಸೀರೆಗೆ ಚಂದ್ರಕಳಾ ಎಂದು ಹೆಸರು. ಅದನ್ನು ಕೇಳಿದಾಗ ಇನ್ನೊಬ್ಬ ನೆಂಟರನ್ನು ಕಂಡಂತಾಯಿತು.

ಖಣದ ಕಥೆಯೂ ಹೀಗೇ. ನಮ್ಮಲ್ಲಿ ಉಡಿ ತುಂಬುತ್ತೇವೆ, ಅಲ್ಲಿ ಓಟಿ ಭರತಾರೆ. ತೆಂಗಿನಕಾಯಿ, ಅಕ್ಕಿ, ಅದರ ಜೊತೆಗೆ ತ್ರಿಕೋನವಾಗಿ ಮಡಿಸಿದ ಖಣ. ಕೊಲ್ಲಾಪುರದ ಮಹಾಲಕ್ಷ್ಮಿಗೂ ತುಳಜಾಪುರದ ಭವಾನಿಗೂ ಭಕ್ತರು ಏರಿಸಿದ ಖಣಗಳಲ್ಲಿ ಗುಳೇದಗುಡ್ಡದವು ಎಷ್ಟೋ. ನೇಯುವವರು ಒಂದು ಗುಡ್ಡದ ಬುಡದ ಕನ್ನಡ ಊರಿನವರು, ತೊಡುವವರು ನೂರಾರು ಮೈಲಿ ದೂರದವರು. ಒಬ್ಬರಿಗೊಬ್ಬರು ಮುಖ ನೋಡಿದವರಲ್ಲ.

*

1999ರ ದೀಪಾವಳಿಗೆ ಊರಿಗೆ ಹೊರಡುವ ಮೊದಲು ಅವ್ವನಿಗೊಂದು ಸೀರೆ ಕೊಳ್ಳಲೆಂದು ನಾನೂ ನನ್ನ ಹೆಂಡತಿಯೂ ಲಕ್ಷ್ಮೀ ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಇಳಕಲ್ ಸೀರೆಯನ್ನು ಪುಣೆಯಲ್ಲಿ ಕೊಂಡು ಗದಗಿಗೆ ಒಯ್ಯುವುದು! ಹೆಂಡತಿ ನಕ್ಕಳು. ನನಗೆ ಮಾತ್ರ ಅದೊಂದು ಹಟವಾಗಿತ್ತು.

ಅಂಗಡಿಯವನು ಇರಕಲ ಎಂದು ಹತ್ತಾರು ಸೀರೆ ಹರವಿದ. ಒಂದಕ್ಕಿಂತ ಒಂದು ಹೊಳಪು. ನಾನು ಒಂದನ್ನು ಆರಿಸಿ ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಬಹುಶಃ ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಬಂದವಳು, ಅಂಥದೇ ಇನ್ನೊಂದು ಸೀರೆಯನ್ನು ಎತ್ತಿಕೊಂಡಳು. ಬಣ್ಣವನ್ನು ನೋಡಲಿಲ್ಲ, ಬೆಲೆ ಕೇಳಲಿಲ್ಲ. ಮೊದಲು ಸೆರಗನ್ನು ಮಗುಚಿ ಹಿಂಬದಿ ಮಾಡಿದಳು. ಒಡಲೂ ಸೆರಗೂ ಕೂಡುವ ಗೆರೆಯ ಮೇಲೆ ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನವಾಗಿ ಸವರಿದಳು. ಏನೂ ಸಿಗಲಿಲ್ಲ. ಸೀರೆಯನ್ನು ಅಂಗಡಿಯವನ ಕಡೆ ತಳ್ಳಿ ಹೇಳಿದಳು, "ಹ್ಯಾಲಾ ಜೋಡ ನಾಹೀ. ಹೇ ಇರಕಲ ನಾಹೀ."

ಇದಕ್ಕೆ ಜೋಡಣೆ ಇಲ್ಲ, ಇದು ಇಳಕಲ್ ಅಲ್ಲ.

ಅಂಗಡಿಯವನು ಮರುಮಾತಾಡದೆ ಒಳಗಿನಿಂದ ಬೇರೆ ಗಂಟು ತಂದ. ನಾನು ನನ್ನ ಕೈಯಲ್ಲಿದ್ದ ಸೀರೆಯನ್ನು ಮೆಲ್ಲಗೆ ಕೆಳಗಿಟ್ಟೆ. "ನೋಡೋರಿಗೆ ಏನ್ ಗೊತ್ತಾಗ್ತೈತಿ" ಎಂದಿದ್ದೆನಲ್ಲ, ಗೊತ್ತಾಗುತ್ತಿತ್ತು. ಇಳಕಲ್ ಎಲ್ಲಿದೆ ಎಂದು ಆಕೆಗೆ ತಿಳಿದಿತ್ತೋ ಇಲ್ಲವೋ, ತೋಪ ತೆನಿ ಎಂಬ ಶಬ್ದ ಕೇಳಿರಲಾರಳು. ಆದರೆ ಕನ್ನಡದವನಾದ, ಇಳಕಲ್ಲಿನ ಓಣಿಯಲ್ಲಿ ಮೂರು ವರ್ಷ ತಿರುಗಿದ, ಎಂ.ಕಾಂ. ಓದಿದ ನನಗಿಂತ ಆ ಸೀರೆಯ ಜೀವ ಎಲ್ಲಿದೆ ಎಂಬುದು ಆಕೆಯ ಹೆಬ್ಬೆರಳಿಗೆ ಗೊತ್ತಿತ್ತು.

ಅಂದಿನಿಂದ ನಮ್ಮದು ನಿಮ್ಮದು ಎಂಬ ಜಗಳವನ್ನು ನಾನು ಬಿಟ್ಟೆ. ನೇಯ್ದವರು ನಮ್ಮವರು, ನಿಜ. ಆದರೆ ಕೆಟ್ಟದ್ದನ್ನು ಕೌಂಟರಿನ ಮೇಲೇ ತಳ್ಳಿ ಒಳ್ಳೆಯದನ್ನು ಉಟ್ಟವರಲ್ಲಿ ಆ ಆಜಿಯರೂ ಇದ್ದಾರೆ. ಯಾವ ಚೆಲುವೂ ನೇಕಾರನೊಬ್ಬನಿಂದ ಉಳಿಯುವುದಿಲ್ಲ. ಕೊಳ್ಳುವವರು ಹಿಂಬದಿ ಮಗುಚಿ ನೋಡುವವರೆಗೆ ಅದು ಉಳಿದಿರುತ್ತದೆ.

*

ಪುಣೆ ಬಿಟ್ಟು ಎರಡು ದಶಕವಾಯಿತು. ಇನ್ನೂ ಎರಡು ಊರು ತಿರುಗಿ 2020ರಲ್ಲಿ ನಿವೃತ್ತನಾದೆ. ಈ ನಡುವೆ ಕಾಲ ಬಹಳ ಬದಲಾಗಿದೆ. ಒಂಬತ್ತು ಗಜದ ಸೀರೆ ದಿನನಿತ್ಯ ಉಡುವ ಆಜಿಯರು ಪುಣೆ, ಮುಂಬಯಿಗಳಲ್ಲಿ ವಿರಳವಾದರು. ಈಗ ಯುಗಾದಿಯ ಶೋಭಾಯಾತ್ರೆಯಲ್ಲಿ ಹುಡುಗಿಯರು ಹೊಲಿದು ಸಿದ್ಧವಾದ ಒಂಬತ್ತು ಗಜ ತೊಟ್ಟು ಮೋಟಾರ್ ಸೈಕಲ್ ಓಡಿಸುತ್ತಾರೆ. ನೋಡಲು ಚಂದವೇ. ಖಣದ ಬಟ್ಟೆ ಕುಪ್ಪಸದಿಂದ ಮೇಲೇರಿ ಇಡೀ ಸೀರೆಯಾಗಿದೆ, ಚೀಲವಾಗಿದೆ, ಮನೆಯ ತೋರಣವಾಗಿದೆ. ಅದರಲ್ಲಿ ಬಹಳಷ್ಟು ವಿದ್ಯುತ್ ಮಗ್ಗದ್ದು. ಸೀರೆಯೂ ಸೇರಿದಂತೆ ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಬಂದಿತ್ತು, ಅಂದರೆ ನಾನು ವಿದ್ಯುತ್ ಮಗ್ಗದ ಗುಣಗಾನ ಮಾಡುತ್ತಿದ್ದ ಅದೇ ಕಾಲಕ್ಕೆ! ಆಮೇಲೆ ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ, ಕಸೂತಿಗೆ ಭೌಗೋಳಿಕ ಗುರುತಿನ ನೋಂದಣಿಯೂ ಸಿಕ್ಕಿತು. ಕಾಗದಗಳು ಬೇಕು, ಬೇಡವೆನ್ನಲಾರೆ. ನಾನೇ ಮೂವತ್ತೇಳು ವರ್ಷ ಕಾಗದದಿಂದ ಅನ್ನ ಉಂಡವನು. ಆದರೆ ಲಕ್ಷ್ಮೀ ರಸ್ತೆಯ ಆ ಹೆಬ್ಬೆರಳು ಮಾಡಿದ ಕೆಲಸವನ್ನು ಯಾವ ಕಾಗದವೂ ಮಾಡುವುದನ್ನು ನಾನು ಕಂಡಿಲ್ಲ.

2022ರಲ್ಲಿ ಇಳಕಲ್ಲಿಗೆ ಹೋಗಿದ್ದೆ. ಆ ನೇಕಾರನ ಮನೆಯನ್ನು ಹುಡುಕಿದೆ. ಮಣ್ಣಿನ ಮನೆಯ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿತ್ತು. ಅವನು ಬದುಕಿದ್ದ, ಎಂಬತ್ತರ ಹತ್ತಿರ, ಕಣ್ಣು ಮಂಜು. ಹೆಸರು ಹೇಳಿದ ಮೇಲೆ ಗುರುತಿಸಿದ. ಹೊಸ ಮಗ್ಗ ನಡೆಯಿತಂತೆ, ಸಾಲ ತೀರಿತಂತೆ, ಮಕ್ಕಳು ಓದಿದರಂತೆ, ಒಬ್ಬ ಬೆಂಗಳೂರಿನಲ್ಲಿದ್ದಾನಂತೆ. ನಾನು ಬಹಳ ದಿನದಿಂದ ಕಟ್ಟಿಕೊಂಡಿದ್ದ ಮಾತನ್ನು ಹೇಳಿದೆ: ತೆನಿ ಬಿಡಿ ಎಂದು ನಿಮಗೆ ಹೇಳಬಾರದಾಗಿತ್ತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ನೀವು ಹೇಳಿದ್ದು ತಪ್ಪಲ್ರಿ ಸಾಹೇಬ್ರ. ಹೊಟ್ಟಿ ತುಂಬಿತು. ಆದ್ರ ಈಗ ತೆನಿ ಕೂಡಸು ಅಂದ್ರ ನನ್ನ ಮಕ್ಕಳಿಗೆ ಕೈ ಬರಂಗಿಲ್ಲ. ನನ್ನ ಕೈಗೆ ಬರ್ತೈತಿ, ಕಣ್ಣು ಬರಂಗಿಲ್ಲ."

ಇದಕ್ಕೆ ನಾನು ಏನು ಹೇಳಲಿ? ಎರಡೂ ನಿಜ. ಹೊಟ್ಟೆ ತುಂಬಿದ್ದೂ ನಿಜ, ಕೈ ತಪ್ಪಿದ್ದೂ ನಿಜ. ಒಂದೇ ಫೈಲಿನಲ್ಲಿ ಎರಡನ್ನೂ ಹೊಂದಿಸುವ ಕಾಲಂ ನಮ್ಮ ಫಾರಮ್ಮಿನಲ್ಲಿ ಇರಲಿಲ್ಲ. ಅವನ ಓಣಿಯಲ್ಲಿ ಇನ್ನೂ ತೆನಿ ಕೂಡಿಸುವ ಮನೆ ಇದೆಯೇ ಎಂದು ಕೇಳಿದೆ. ಮೊಮ್ಮಗನನ್ನು ಜೊತೆ ಮಾಡಿ ಕಳಿಸಿದ. ಅಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕಿಟಕಿಯ ಬೆಳಕಿನಲ್ಲಿ ಕೂತು ಕುಣಿಕೆ ಸಿಕ್ಕಿಸುತ್ತಿದ್ದಳು. ಒಂದು ಸೀರೆ ಕೊಂಡೆ. ಉಡಲು ಅವ್ವ ಇರಲಿಲ್ಲ. ಆಕೆ ತೀರಿಕೊಂಡದ್ದು 2009ರಲ್ಲಿ. ಆಕೆಯ ಹಳೆಯ ಸೀರೆಗಳನ್ನು ಕೂಡಿಸಿ ನನ್ನ ಅಕ್ಕ ಕೌದಿ ಹೊಲಿದಿದ್ದಾಳೆ. ನಡುವೆ ಸೆರಗಿನ ತುಂಡು ಹಾಕಿದ್ದಾಳೆ, ಅದರ ಕೆಂಪು ಇನ್ನೂ ಇದೆ. ಹೊಸ ಸೀರೆಯನ್ನು ಸೊಸೆಗೆ ಕೊಟ್ಟೆ. ಆಕೆ ಪುಣೆಯ ಹುಡುಗಿ, ಮನೆಮಾತು ಮರಾಠಿ. ಕೈಗೆ ತೆಗೆದುಕೊಂಡವಳೇ ಸೆರಗು ಮಗುಚಿ ನೋಡಿದಳು. ಯಾರು ಕಲಿಸಿದರು ಎಂದು ಕೇಳಿದರೆ, ಆಜಿ ಎಂದಳು.

ಊರಿನಲ್ಲಿ ಈ ಪುಸ್ತಕ ಓದುತ್ತಿರುವ ನೀವು ಇಳಕಲ್ ಸೀರೆ ಕೊಳ್ಳುವುದಾದರೆ ನಾನು ಹೊರನಾಡಿನಿಂದ ಕಲಿತು ತಂದ ಇಷ್ಟನ್ನು ಮಾಡಿ. ಸೆರಗನ್ನು ಮಗುಚಿ. ಒಡಲೂ ಸೆರಗೂ ಕೂಡುವಲ್ಲಿ ಹೆಬ್ಬೆರಳಿಡಿ, ಎಡದಿಂದ ಬಲಕ್ಕೆ ಸವರಿ. ಬೆರಳಿಗೆ ಕುಣಿಕೆಗಳ ಸಣ್ಣ ಏಣು ತಾಗಿದರೆ, ಬೆಲೆಗೆ ಚೌಕಾಸಿ ಮಾಡಬೇಡಿ. ತಾಗದಿದ್ದರೆ ಸೀರೆಯನ್ನು ಮೆಲ್ಲಗೆ ಆಚೆ ತಳ್ಳಿ, ಒಳಗಿನ ಗಂಟು ತರಲು ಹೇಳಿ.